ನೆಲದ ಮೇಲೇ ತೀರ್ಮಾನವಾಗುವ ನೆಗೆತ

ಡರ್ಟ್ ಬೈಕ್ ನೆಗೆಯುವುದನ್ನು ನಿಂತು ನೋಡುವವರ ಗಮನವೆಲ್ಲ ಎರಡೂ ಗಾಲಿಗಳು ನೆಲ ಬಿಟ್ಟ ಹೊತ್ತಿನ ಮೇಲೇ ಇರುತ್ತದೆ. ಹ್ಯಾಂಡಲ್ ಹಿಡಿದವನ ಕೆಲಸ ಮಾತ್ರ ಅಷ್ಟರೊಳಗೆ ಬಹುಪಾಲು ಮುಗಿದಿರುತ್ತದೆ. ನಲವತ್ತು ದಾಟಿದ ಮೇಲೆ ಈ ವಿದ್ಯೆಗೆ ಕೈಹಾಕಿದ ನನಗೆ ಗುರುವಾಗಿ ಸಿಕ್ಕವನು ಅಕ್ಕನ ಮಗ. ಹುಬ್ಬಳ್ಳಿಯಲ್ಲಿ ಗ್ಯಾರೇಜ್ ಇಟ್ಟುಕೊಂಡು, ಬಿಡುವು ಸಿಕ್ಕಾಗ ಮಣ್ಣಿನ ಹಾದಿಯಲ್ಲಿ ಬೈಕ್ ಓಡಿಸುವ ಅವನು ಬೈಕ್ ಸ್ಟಾರ್ಟ್ ಮಾಡುವುದಕ್ಕೂ ಮೊದಲೇ ಹೇಳಿದ ಮಾತು ಇದು: “ಗಾಳ್ಯಾಗ ಹಾರಿದ ಮ್ಯಾಲೆ ನಿನ್ನ ಕೈಯಾಗ ಏನೂ ಇರೂದಿಲ್ಲ ಮಾಮಾ. ಮಾಡೂದೆಲ್ಲ ನೆಲದ ಮ್ಯಾಲೆ ಮಾಡಿ ಮುಗಿಸಬೇಕು.”

ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು ಅವನ ಮಾತನ್ನು ಅಷ್ಟಕ್ಕೇ ಬಿಡದೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಹದಿನೈದು ಡಿಗ್ರಿ ಏರಿನಿಂದ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೊರಟ ಬೈಕ್ ಗಾಳಿಯಲ್ಲಿರುವುದು 0.44 ಸೆಕೆಂಡ್; ಅಷ್ಟರಲ್ಲಿ ಅದು ಕ್ರಮಿಸುವ ದೂರ ಸುಮಾರು ಮೂರೂವರೆ ಮೀಟರ್. ಏನೋ ತಪ್ಪುತ್ತಿದೆ ಎಂದು ತಿಳಿದು ಮನುಷ್ಯನ ಕೈ ಅಲುಗುವುದಕ್ಕೇ ಕಾಲು ಸೆಕೆಂಡಿನ ಆಸುಪಾಸು ಬೇಕು. ಹೀಗಿರುವಾಗ ಹೊಸಬನು ಗಾಳಿಯಲ್ಲಿ ಏನನ್ನಾದರೂ ಸರಿಪಡಿಸುತ್ತಾನೆಂಬುದು ಆಗದ ಮಾತು. ಅದೇ ಏರಿನಲ್ಲಿ ವೇಗವನ್ನು 40ಕ್ಕೆ ಏರಿಸಿದರೆ ದೂರ ಆರು ಮೀಟರಿಗೂ ಮೇಲಾಗುತ್ತದೆ, ಏಕೆಂದರೆ ದೂರ ಬೆಳೆಯುವುದು ವೇಗದ ವರ್ಗಕ್ಕೆ ತಕ್ಕಂತೆ. ಸಸ್ಪೆನ್ಷನ್ ಒತ್ತಿಕೊಂಡು ಚಿಮ್ಮುವುದನ್ನು ಬದಿಗಿಟ್ಟ ಲೆಕ್ಕವಿದು ಎಂಬುದು ನಿಜ. ಆದರೂ ಸ್ಪೀಡೋಮೀಟರಿನ ಹತ್ತು ಅಂಕಿಗಳು ಎಷ್ಟು ದೊಡ್ಡವು ಎಂಬುದನ್ನು ತೋರಿಸಲು ಇಷ್ಟು ಸಾಕು.

ದಿಬ್ಬದ ಆಕಾರವೂ ಈ ಲೆಕ್ಕದಿಂದಲೇ ಹುಟ್ಟಿತು. ಮೊದಲ ಸಲ ಕಲಿಯುವವರಿಗೆ ತಕ್ಕದ್ದು ಟೇಬಲ್‌ಟಾಪ್, ಅಂದರೆ ಒಂದು ಏರು, ನಡುವೆ ಮಟ್ಟಸವಾದ ಮೇಲ್ಭಾಗ, ಆಚೆಗೊಂದು ಇಳಿಜಾರು. ನಡುವೆ ಖಾಲಿ ಹಳ್ಳ ಬಿಟ್ಟಿರುವ ಡಬಲ್ ಎಂಬ ದಿಬ್ಬದಲ್ಲಿ ಒಂದಡಿ ಕಡಿಮೆ ಬಿದ್ದರೂ ಮುಂದಿನ ಗಾಲಿ ಎದುರಿನ ಮಣ್ಣಿನ ಗೋಡೆಗೆ ಹೊಡೆಯುತ್ತದೆ. ಟೇಬಲ್‌ಟಾಪ್‌ನಲ್ಲಿ ಕಡಿಮೆ ಬಿದ್ದವನು ಮಟ್ಟಸ ಜಾಗದ ಮೇಲೆ ಇಳಿದು ಸುಮ್ಮನೆ ಮುಂದೆ ಹೋಗುತ್ತಾನೆ. ನಾವು ಎರಡು ಅಡಿ ಎತ್ತರಕ್ಕೆ ಏಳೂವರೆ ಅಡಿ ಉದ್ದದ ಏರು ಕೊಟ್ಟು, ಮೇಲೆ ಹತ್ತು ಅಡಿ ಮಟ್ಟಸ ಜಾಗ ಬಿಟ್ಟು, ಇಳಿಜಾರನ್ನು ಏರಿಗಿಂತ ತುಸು ಉದ್ದವಾಗಿಯೇ ಕಟ್ಟಿದೆವು. 20ರ ವೇಗದಲ್ಲಿ ಬಂದವನು ಐದಡಿ ಹಾರಿ ಮಟ್ಟಸ ಭಾಗದ ನಡುವೆ ಇಳಿಯುತ್ತಾನೆ, 30ರಲ್ಲಿ ಬಂದವನು ಇಳಿಜಾರಿನ ತಲೆಯ ಹತ್ತಿರ. 40ರಲ್ಲಿ ಬಂದವನು ಇಳಿಜಾರನ್ನೇ ದಾಟಿ ಬಯಲಿಗೆ ಬೀಳುವ ಸಂಭವವಿದೆ. ಆದ್ದರಿಂದ ಕಡಿಮೆ ಬೀಳುವುದಕ್ಕಿಂತ ಹೆಚ್ಚು ಹಾರುವುದಕ್ಕೇ ಇಲ್ಲಿ ಹೆಚ್ಚು ಅಂಜಬೇಕು.

ಇಳಿಜಾರು ಏಕೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹದಿನೈದು ಡಿಗ್ರಿಯಲ್ಲಿ ಮೇಲೇರಿದ ಬೈಕ್ ಅದೇ ಎತ್ತರಕ್ಕೆ ಮರಳಿ ಬರುವಾಗ ಹದಿನೈದು ಡಿಗ್ರಿಯಲ್ಲೇ ಕೆಳಮುಖವಾಗಿರುತ್ತದೆ. ಅಲ್ಲಿ ಅಷ್ಟೇ ಓರೆಯಾದ ನೆಲ ಸಿಕ್ಕರೆ ಬೈಕ್ ನೆಲಕ್ಕೆ ಗುದ್ದುವುದಿಲ್ಲ, ನೆಲದ ಗುಂಟ ಜಾರಿದಂತೆ ಸೇರಿಕೊಳ್ಳುತ್ತದೆ. ಇಳಿಜಾರೇ ಇಲ್ಲದೆ ಬರೀ ಏರು ಕಟ್ಟಿ ಬಯಲಿಗೆ ಹಾರಿದರೆ, ಅದೇ 30ರ ವೇಗದಲ್ಲಿ, ಕೆಳಮುಖವಾಗಿ ತಾಗುವ ವೇಗ ಗಂಟೆಗೆ ಸುಮಾರು 15 ಕಿಲೋಮೀಟರ್ ಆಗುತ್ತದೆ. ಅಂದರೆ ಬೈಕನ್ನೂ ಸವಾರನನ್ನೂ ಎರಡೂಮುಕ್ಕಾಲು ಅಡಿ ಮೇಲಿನಿಂದ ನೇರವಾಗಿ ಕೈಬಿಟ್ಟ ಲೆಕ್ಕ. ಬೈಪಾಸಿನ ರಸ್ತೆ ಉಬ್ಬುಗಳ ಮೇಲೆ, ಕಾಲುವೆಯ ಏರಿಯ ಮೇಲೆ ರೀಲ್ಸ್‌ಗಾಗಿ ಬೈಕ್ ಹಾರಿಸುವ ಹುಡುಗರು ಸೊಂಟಕ್ಕೆ ಉಳಿಸಿಕೊಳ್ಳುವುದು ಈ ಪೆಟ್ಟನ್ನೇ, ವಿಡಿಯೋದಲ್ಲಿ ಮಾತ್ರ ಅದು ಕಾಣಿಸುವುದಿಲ್ಲ.

ಮಣ್ಣಿನ ವಿಚಾರದಲ್ಲಿ ನಮ್ಮ ಜಿಲ್ಲೆ ಎರಡು ಹೋಳು. ನವಲಗುಂದ, ಅಣ್ಣಿಗೇರಿಯಿಂದ ಗದಗಿನವರೆಗೆ ಹಬ್ಬಿರುವ ಎರೆ ಭೂಮಿ ಬೆಳೆಗೆ ಎಷ್ಟು ಒಳ್ಳೆಯದೋ ದಿಬ್ಬಕ್ಕೆ ಅಷ್ಟೇ ಕೆಟ್ಟದ್ದು: ನೀರು ಕುಡಿದರೆ ಉಬ್ಬಿ ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನ ಸಂದಿಯನ್ನೇ ಮುಚ್ಚುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಕಲಘಟಗಿಯ ಕಡೆಗೆ ಹೋದಂತೆ ಕೆಂಪು ಮಣ್ಣು ಸಿಗುತ್ತದೆ. ಅಲ್ಲಿ ಪರಿಚಯದವರೊಬ್ಬರ ಬೀಳು ಹೊಲದಲ್ಲಿ, ಅವರ ಒಪ್ಪಿಗೆ ಪಡೆದು, ಟ್ರ್ಯಾಕ್ಟರಿನಲ್ಲಿ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ತರಿಸಿ ದಿಬ್ಬ ಕಟ್ಟಿದೆವು. ಪದರು ಪದರಾಗಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಹೊಡೆದು, ರಾತ್ರಿಯಿಡೀ ಕೂರಲು ಬಿಟ್ಟರೆ ಮಾತ್ರ ಗರಸು ಬಿಗಿಯುತ್ತದೆ. ಏರಿನ ತುದಿ ಮೇಲಕ್ಕೆ ಬಾಗಿರಬಾರದು. ಬಾಗಿದ ತುದಿ ಹಿಂದಿನ ಗಾಲಿಯನ್ನು ಒದ್ದು ಎಬ್ಬಿಸುತ್ತದೆ. ಜಾಗದ ಮಾತು ಬಂದಿದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಗದಗಿನ ಕಪ್ಪತಗುಡ್ಡ ಇಂಥ ಆಟಕ್ಕೆ ಹೇಳಿ ಮಾಡಿಸಿದ ಜಾಗ ಎಂದು ಕೆಲವರಿಗೆ ಅನ್ನಿಸುತ್ತದೆ. ಅದು 2019ರಿಂದ ವನ್ಯಜೀವಿ ಧಾಮ, ಅಲ್ಲಿ ಗಾಲಿ ತುಳಿಸುವ ಯೋಚನೆಯನ್ನೇ ಬಿಡಬೇಕು.

ನಾವು ಬಳಸಿದ್ದು ಹೀರೋ ಎಕ್ಸ್‌ಪಲ್ಸ್ 200 4ವಿ. ಮಣ್ಣಿನ ಟ್ರ್ಯಾಕಿನ ರೇಸಿಗೆಂದೇ ಮಾಡಿದ ಅಪ್ಪಟ ಮೋಟೋಕ್ರಾಸ್ ಬೈಕಿಗೆ ನಂಬರ್ ಪ್ಲೇಟೇ ಇರುವುದಿಲ್ಲವಾದ್ದರಿಂದ ಅದನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ, ಟಾಟಾ ಏಸ್‌ನಲ್ಲಿ ಪಟ್ಟಿ ಬಿಗಿದು ಸಾಗಿಸಬೇಕು. ಎಕ್ಸ್‌ಪಲ್ಸ್‌ಗೆ ಆ ತಾಪತ್ರಯವಿಲ್ಲ, ಆದರೆ ಅದಕ್ಕೊಂದು ಮಿತಿಯಿದೆ. ಮೋಟೋಕ್ರಾಸ್ ಬೈಕಿನ ಸಸ್ಪೆನ್ಷನ್ ಸುಮಾರು 300 ಮಿಲಿಮೀಟರ್ ಒತ್ತಿಕೊಳ್ಳಬಲ್ಲದು. ಇದರದ್ದು ಮುಂದೆ 190, ಹಿಂದೆ 170. ತೂಕವೋ 160 ಕಿಲೋದ ಆಸುಪಾಸು. ಎರಡು ಅಡಿಯ ದಿಬ್ಬಕ್ಕೆ ಇದು ಧಾರಾಳವಾಗಿ ಸಾಕು, ದೊಡ್ಡ ನೆಗೆತಗಳಿಗೆ ಇದು ಬೈಕಲ್ಲ.

ಹೆಲ್ಮೆಟ್, ಗಾಗಲ್ಸ್, ಎದೆ-ಬೆನ್ನಿನ ರಕ್ಷಾಕವಚ, ಮೊಣಕಾಲು-ಮೊಣಕೈ ಗಾರ್ಡ್, ಗ್ಲೌಸ್ ಇವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಇರಲೇಬೇಕು. ಬೂಟಿನ ಬಗ್ಗೆ ಮಾತ್ರ ಒಂದು ಮಾತು. ಮೊಣಕಾಲಿನ ಕೆಳಗಿನವರೆಗೂ ಬರುವ ಗಟ್ಟಿ ಡರ್ಟ್ ಬೂಟು ತೊಟ್ಟ ಕಾಲಿಗೆ ಗೇರ್ ಲಿವರ್ ಎಲ್ಲಿದೆ, ಹಿಂದಿನ ಬ್ರೇಕು ಎಷ್ಟು ಒತ್ತಿದೆ ಎಂಬುದೇ ತಿಳಿಯುವುದಿಲ್ಲ; ಪಾದದ ಕೀಲು ಮಡಚುವುದಿಲ್ಲವಾದ್ದರಿಂದ ಇಡೀ ಕಾಲನ್ನೇ ಎತ್ತಿ ಗೇರ್ ಹಾಕಬೇಕಾಗುತ್ತದೆ. ಬೂಟು ತೊಟ್ಟು ಬಯಲಿನಲ್ಲಿ ಗೇರ್ ಬದಲಿಸಿ, ಬ್ರೇಕ್ ಹಿಡಿದು ರೂಢಿಯಾಗುವವರೆಗೆ ದಿಬ್ಬದ ಕಡೆ ಮುಖ ಮಾಡಬಾರದು.

ಧಾರವಾಡದ ಗರಡಿಮನೆಗಳಲ್ಲಿ ಪಟ್ಟು ಕಲಿಸುವ ಮೊದಲು ಹುಡುಗರಿಂದ ಬಸ್ಕಿ ಹೊಡೆಸುವಂತೆ ಅಳಿಯ ನನ್ನನ್ನು ನಿಂತು ಓಡಿಸುವುದರಲ್ಲೇ ಸವೆಸಿದ. ಪಾದದ ಮುಂಭಾಗ ಫುಟ್‌ಪೆಗ್ ಮೇಲಿರಬೇಕು, ಮೊಣಕಾಲುಗಳು ಟ್ಯಾಂಕನ್ನು ಅವುಚಿರಬೇಕು, ಮೊಣಕೈಗಳು ಹೊರಕ್ಕೆ ಬಾಗಿರಬೇಕು, ತಲೆ ಹ್ಯಾಂಡಲಿನ ಮೇಲೆ ಬಂದಿರಬೇಕು, ಕಣ್ಣು ದಿಬ್ಬದ ತುದಿಯನ್ನಲ್ಲ, ಅದರಾಚೆಯ ಹೊಲವನ್ನು ನೋಡುತ್ತಿರಬೇಕು. ಬೈಕನ್ನು ಹಿಡಿಯುವುದು ಕಾಲುಗಳು. ಕೈಗಳು ಹ್ಯಾಂಡಲ್ ತಿರುಗಿಸುವುದಕ್ಕಷ್ಟೇ. ಇದನ್ನು ಪರೀಕ್ಷಿಸಲು ಹೊಲದ ಬದುಗಳಿಗಿಂತ ಒಳ್ಳೆಯ ಸಾಧನವಿಲ್ಲ. ಅರ್ಧ ಅಡಿಯ ಬದುವನ್ನು ನಿಂತೇ ದಾಟುವಾಗ ಬೈಕ್ ಕೆಳಗೆ ಏಳಬೇಕು, ಬೀಳಬೇಕು, ಸವಾರನ ತಲೆ ಮಾತ್ರ ಒಂದೇ ಮಟ್ಟದಲ್ಲಿ ಹೋಗಬೇಕು. ತಲೆಯೂ ಬೈಕಿನೊಡನೆ ಕುಣಿಯುತ್ತಿದ್ದರೆ ಮೊಣಕಾಲುಗಳು ಇನ್ನೂ ಸಡಿಲಾಗಿಲ್ಲ ಎಂದೇ ಅರ್ಥ.

ಆಮೇಲೂ ನೆಗೆತವಿಲ್ಲ. ನಡಿಗೆಯ ವೇಗದಲ್ಲಿ ದಿಬ್ಬ ಹತ್ತಿ, ಮೇಲ್ಭಾಗದ ಮೇಲೆ ಉರುಳಿ, ಆಚೆ ಇಳಿಯಬೇಕು. ವೇಗವನ್ನು ಚೂರುಚೂರೇ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಮುಂದಿನ ಗಾಲಿ ತುದಿಯಲ್ಲಿ ಹಗುರಾಗುತ್ತದೆ, ಇನ್ನೊಂದಿಷ್ಟು ಏರಿಸಿದಾಗ ಹಿಂದಿನದೂ ನೆಲ ಬಿಡುತ್ತದೆ. ನೆಗೆತ ಹೀಗೆ ತಾನಾಗಿ ಬರಬೇಕೇ ಹೊರತು ಹ್ಯಾಂಡಲ್ ಎಳೆದು ಬೈಕನ್ನು ಎತ್ತಲು ಹೋಗಬಾರದು.

ಇಡೀ ವಿದ್ಯೆಯ ಗಂಟು ಇರುವುದು ಏರಿನ ಆ ಏಳೂವರೆ ಅಡಿಯಲ್ಲಿ. ಎರಡನೇ ಗೇರಿನಲ್ಲಿ, ಏರು ಮುಟ್ಟುವ ಮೊದಲೇ ವೇಗ ನಿಶ್ಚಯವಾಗಿರಬೇಕು. ಏರಿನ ಮೇಲೆ ಗೇರ್ ಬದಲಿಸುವುದೂ ಇಲ್ಲ, ಬ್ರೇಕ್ ಹಿಡಿಯುವುದೂ ಇಲ್ಲ. ರೇಸ್ ಕೊಟ್ಟ ಕೈ ಹಿಂದಿನ ಗಾಲಿ ತುದಿ ಬಿಡುವವರೆಗೂ ಹಾಗೇ ಇರಬೇಕು. ಹೆದರಿದವನ ಕೈ ಮೊದಲು ಮಾಡುವ ಕೆಲಸವೇ ತುದಿಯಲ್ಲಿ ರೇಸ್ ಬಿಡುವುದು. ಬಿಟ್ಟ ಕೂಡಲೇ ಎಂಜಿನ್ ಹಿಂದಿನ ಗಾಲಿಯನ್ನು ತಡೆಯುತ್ತದೆ, ಭಾರ ಮುಂದಕ್ಕೆ ವಾಲುತ್ತದೆ, ಒತ್ತಿಕೊಂಡಿದ್ದ ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಂಡು ಹಿಂಭಾಗವನ್ನು ಮೇಲಕ್ಕೆ ತಳ್ಳುತ್ತದೆ, ಬೈಕಿನ ಮೂಗು ಕೆಳಗಾಗುತ್ತದೆ. ಹೆದರಿ ಸೀಟಿನ ಮೇಲೆ ಕುಳಿತುಬಿಟ್ಟರೂ ಕಷ್ಟವೇ, ಎದ್ದು ಬಂದ ಸೀಟು ಸವಾರನನ್ನೇ ಹ್ಯಾಂಡಲಿನ ಮೇಲಕ್ಕೆ ದೂಡುತ್ತದೆ. “ಅಂಜಿಕಿ ಬಂದ್ರ ಏರಿನ ಮೊದಲ ನಿಲ್ಸು ಮಾಮಾ, ಏರಿನ ಮ್ಯಾಲೆ ಮನಸ್ಸು ಬದಲ ಮಾಡಬ್ಯಾಡ” ಎಂದು ಅವನು ಹೇಳುತ್ತಲೇ ಇರುತ್ತಿದ್ದ. ಇದಕ್ಕಾಗಿಯೇ ಏರಿಗೆ ಸಾಕಷ್ಟು ಮುಂಚೆ ಸುಣ್ಣದ ಗೆರೆಯೊಂದನ್ನು ಎಳೆದಿದ್ದೆವು: ಅದರ ಈಚೆಗೆ ನಿಲ್ಲಿಸಬಹುದು, ಅದನ್ನು ದಾಟಿದ ಮೇಲೆ ಹೋಗಲೇಬೇಕು.

ಗಾಳಿಯಲ್ಲಿ ಬೈಕನ್ನು ತಿದ್ದುವ ಉಪಾಯ ನುರಿತವರಿಗೆ ಇದ್ದೇ ಇದೆ. ರೇಸ್ ಕೊಟ್ಟು ಹಿಂದಿನ ಗಾಲಿಯ ಸುತ್ತು ಹೆಚ್ಚಿಸಿದರೆ ಅದರ ಪ್ರತಿಕ್ರಿಯೆಯಿಂದ ಮೂಗು ಮೇಲೇಳುತ್ತದೆ. ಕ್ಲಚ್ ಹಿಡಿದು ಹಿಂದಿನ ಬ್ರೇಕ್ ಒತ್ತಿದರೆ ಮೂಗು ಇಳಿಯುತ್ತದೆ. ಕೋನೀಯ ಸಂವೇಗ ಉಳಿದುಬರುತ್ತದೆಂಬ ನಿಯಮವನ್ನು ತರಗತಿಯಲ್ಲಿ ತಿರುಗುವ ಕುರ್ಚಿ ಇಟ್ಟು ತೋರಿಸುವ ನನಗೆ ಇದು ಬಹಳ ಹಿಡಿಸಿತು. ಆದರೆ ಕ್ಲಚ್ ಮರೆತು ಬ್ರೇಕ್ ಒತ್ತಿದರೆ ಎಂಜಿನ್ ನಿಂತು, ಇಳಿಯುವಾಗ ಹಿಂದಿನ ಗಾಲಿ ಬಿಗಿದುಕೊಂಡಿರುತ್ತದೆ. ಅರ್ಧ ಸೆಕೆಂಡೂ ಇಲ್ಲದ ನೆಗೆತದಲ್ಲಿ ಹೊಸಬನಿಗೆ ಇದರ ಗೊಡವೆ ಬೇಡ.

ಇಳಿಯುವಾಗ ಮೊಣಕಾಲು ತುಸು ಬಾಗಿರಬೇಕು, ರೇಸ್ ಸ್ವಲ್ಪ ತೆರೆದಿರಬೇಕು, ಬೈಕ್ ಮುಂದಕ್ಕೆ ಎಳೆಯುತ್ತಲೇ ನೆಲ ಸೇರಬೇಕು. ಇಳಿಜಾರಿನ ಮೇಲಾದರೆ ಎರಡೂ ಗಾಲಿಗಳು ಒಟ್ಟಿಗೆ, ಮಟ್ಟಸ ಜಾಗದ ಮೇಲಾದರೆ ಹಿಂದಿನದು ಒಂದು ಚೂರು ಮೊದಲು.

ಆಷಾಢದ ಗಾಳಿ ಬೀಸುವಾಗ ನಾವು ದಿಬ್ಬದ ಕಡೆ ಹೋಗುವುದಿಲ್ಲ. ನೆಲ ಬಿಟ್ಟ ಬೈಕನ್ನು ಅಡ್ಡಗಾಳಿ ಪಕ್ಕಕ್ಕೆ ಸರಿಸುತ್ತದೆ. ಮಳೆಗಾಲ ಕಳೆದು ನೆಲದಲ್ಲಿ ಇನ್ನೂ ಹಸಿ ಇರುವ ದಿನಗಳೇ ಒಳ್ಳೆಯವು. ಒಬ್ಬರೇ ಹೋಗುವುದಂತೂ ಇಲ್ಲವೇ ಇಲ್ಲ. ದಿಬ್ಬದಾಚೆ ಏನಿದೆ ಎಂಬುದು ಬರುವವನಿಗೆ ಕಾಣುವುದಿಲ್ಲವಾದ್ದರಿಂದ ಅಲ್ಲೊಬ್ಬರು ನಿಂತು ಕೈ ಎತ್ತಿದ ಮೇಲೆಯೇ ಹೊರಡಬೇಕು. ನಮ್ಮ ಹೊಲದಲ್ಲಿ ಕುರಿ ಹಿಂಡು ದಾಟುವುದು ದಿನದ ಮಾತು. ತರಬೇತಿ ಕೇಂದ್ರದಲ್ಲಿ ಕಲಿಯುವ ಅನುಕೂಲವಿದ್ದವರು ಅದನ್ನೇ ಮೊದಲು ಆರಿಸಿಕೊಳ್ಳಲಿ. 2015ರಲ್ಲಿ ಮರುಭೂಮಿಯ ದೀರ್ಘ ರೇಸಾದ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು ಕೋಲಾರದ ಬಳಿ ಸ್ಥಾಪಿಸಿದ ಬಿಗ್ ರಾಕ್ ಡರ್ಟ್ ಪಾರ್ಕ್ ಅಂಥದ್ದೊಂದು. ಅಷ್ಟು ನುರಿತ ಅವರೇ 2021ರ ಡಕಾರ್‌ನಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡಿದ್ದರು ಎಂಬುದನ್ನು ಹೊಸಬರಾದ ನಾವು ತಿಳಿದಿರಬೇಕು.

ದಿಬ್ಬದ ಮೇಲೆ ಗಾಲಿಯ ಹಾದಿ ಕೊರೆದಂತೆ ಕಂಡರೆ ಸಲಿಕೆ ಹಿಡಿದು ಸರಿಮಾಡಿದ ಮೇಲೆಯೇ ಮುಂದಿನ ಸರದಿ. ತೋಳು ಸೋತು ಹ್ಯಾಂಡಲಿನ ಹಿಡಿತ ಬಿಗಿಯತೊಡಗಿದರೆ ಆ ದಿನಕ್ಕೆ ಅಷ್ಟೇ. ಹೊರಡುವ ಮುನ್ನ ಅಳಿಯ ಎರಡೂ ಗಾಲಿಗಳ ಕಡ್ಡಿಗಳನ್ನು ಸಣ್ಣ ಪಾನಾದಿಂದ ಒಂದೊಂದಾಗಿ ತಟ್ಟುತ್ತ ಹೋಗುತ್ತಾನೆ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ಮಂದವಾಗಿ ಟಕ್ ಎನ್ನುತ್ತದೆ. ಸಡಿಲಾದದ್ದನ್ನು ಬಿಗಿದು, ಆ್ಯಕ್ಸಲ್ ನಟ್ಟು, ಚೈನು, ಹ್ಯಾಂಡಲಿನ ಬೋಲ್ಟುಗಳನ್ನು ಪರೀಕ್ಷಿಸಿ, ಟೈರಿನ ಗಾಳಿಯನ್ನು ಡಾಂಬರು ರಸ್ತೆಗೆ ತಕ್ಕಷ್ಟು ತುಂಬಿಸಿದ ಮೇಲೆಯೇ ಬೈಕನ್ನು ಕಲಘಟಗಿ ರಸ್ತೆಗೆ ಹತ್ತಿಸುತ್ತೇವೆ.