ಅಡಿಕೆ ಗೋಣಿ ತಗುಲಿದ ಕಂಪ್ಯೂಟರ್

ಕಳೆದ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಚಾಲಿ ಅಡಿಕೆಯನ್ನು ಒಳಗೆ ಸೇರಿಸುವ ಗಡಿಬಿಡಿಯಲ್ಲಿ, ಬದಿಯಡ್ಕ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ ನೆಲದ ಮೇಲಿದ್ದ ಕಂಪ್ಯೂಟರಿನ ಸಿಪಿಯು ಪೆಟ್ಟಿಗೆಗೆ ಗೋಣಿಯೊಂದು ಬಲವಾಗಿ ತಗುಲಿತು. ಪೆಟ್ಟಿಗೆ ಮುರಕಲ್ಲಿನ ಗೋಡೆಗೆ ಬಡಿದು ಒಂದು ಮಗ್ಗುಲಿಗೆ ವಾಲಿತು, ಪರದೆ ಕಪ್ಪಾಯಿತು. ಒಳಗಿನ ಫ್ಯಾನುಗಳು ಮಾತ್ರ ತಿರುಗುತ್ತಲೇ ಇದ್ದವು. ನಾನು ಕೂಡಲೇ ಸ್ವಿಚ್ ಆರಿಸಿದೆ. ಗೋಣಿಯ ಇನ್ನೊಂದು ತುದಿ ಹಿಡಿದಿದ್ದ ನನ್ನ ಹೆಂಡತಿಯ ಅಣ್ಣ, "ಭಾವ, ಇನ್ನೊಮ್ಮೆ ಒತ್ತಿ ನೋಡಿ, ಬಂದರೂ ಬಂದೀತು" ಎಂದರು. ನಾನು ಒತ್ತಲಿಲ್ಲ.

ಅದಕ್ಕೆ ಕಾರಣ ಹಾರ್ಡ್ ಡಿಸ್ಕ್. ಏಟು ಬಿದ್ದಾಗ ಅದು ಓಡುತ್ತಿತ್ತು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಅದರ ಓದುವ ತುದಿ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಗಾಳಿಯ ತೆಳುಪದರದ ಮೇಲೆ ತೇಲುತ್ತಿರುತ್ತದೆ. ಓಡುವ ಡಿಸ್ಕಿಗೆ ಏಟು ಬಿದ್ದರೆ ಆ ತುದಿ ತಟ್ಟೆಯನ್ನು ಗೀರಬಹುದು, ಗೀರಿದ ಮೇಲೆ ಮತ್ತೆ ಓಡಿಸಿದಷ್ಟೂ ಗಾಯ ದೊಡ್ಡದಾಗುತ್ತದೆ. ಎಲ್ಲ ಭಾಗಗಳನ್ನು ಜೋಡಿಸುವ ಮದರ್‌ಬೋರ್ಡು, ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್, ವಿದ್ಯುತ್ತು ಪೂರೈಸುವ ಎಸ್‌ಎಂಪಿಎಸ್ ಇವೆಲ್ಲವನ್ನೂ ಹಣ ಕೊಟ್ಟು ತರಬಹುದು. ಅಜ್ಜಿ ಹಾಡಿದ ಶೋಭಾನೆಯ ಧ್ವನಿಮುದ್ರಣಗಳು, ಜಾಗದ ಹಳೆಯ ಪತ್ರಗಳ ಸ್ಕ್ಯಾನ್ ಪ್ರತಿಗಳು, ಹದಿನೈದು ವರ್ಷಗಳಿಂದ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಬರಹಗಳು ಆ ಡಿಸ್ಕಿನಲ್ಲಿ ಮಾತ್ರ ಇದ್ದವು.

ಆದ್ದರಿಂದ ವಯರು ಕಳಚಿ, ಉಳಿದ ವಿದ್ಯುತ್ತು ಹರಿದುಹೋಗಲೆಂದು ಪವರ್ ಬಟನನ್ನು ಕೆಲವು ಸೆಕೆಂಡು ಒತ್ತಿಹಿಡಿದು, ಪಕ್ಕದ ತಗಡನ್ನು ತೆಗೆದು, ಮೊದಲು ಡಿಸ್ಕನ್ನೇ ಹೊರತೆಗೆದೆ. ಮೂರೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಲದು, 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಬೇಕು. ಅಂಥ ಕೇಬಲನ್ನು ತರಿಸಿಕೊಂಡು ಸೋದರಳಿಯನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಕಟಕಟ ಸದ್ದು ಕೇಳಿಸಿದ್ದರೆ ಅಲ್ಲಿಗೇ ನಿಲ್ಲಿಸಿ ಮಾಹಿತಿ ಮರಳಿಸುವ ಪರಿಣತರಲ್ಲಿಗೆ ಒಯ್ಯುತ್ತಿದ್ದೆ. ಸದ್ದು ಬರಲಿಲ್ಲ. ಅತಿ ಮುಖ್ಯವಾದ ಕಡತಗಳನ್ನು ಮೊದಲು ಪ್ರತಿ ಮಾಡಿದ ಮೇಲೆಯೇ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿದೆ. ಓದಲು ಕಷ್ಟವಾಗಿ ಬಾಕಿ ಉಳಿದ ಸೆಕ್ಟರುಗಳ (ತಟ್ಟೆಯ ಪುಟ್ಟ ಭಾಗಗಳ) ಲೆಕ್ಕ ಸೊನ್ನೆ ಇರಬೇಕಾದಲ್ಲಿ 8 ಎಂದಿತ್ತು.

ಆಮೇಲೆ ಪೆಟ್ಟಿಗೆಯ ಕಡೆಗೆ ಬಂದೆ. ಫೋನಿನಲ್ಲಿ ವಿಚಾರಿಸಿದ ರಿಪೇರಿಯವರೊಬ್ಬರು ಬೋರ್ಡು ಹೋಗಿರಬೇಕೆಂದರು. ಆದರೆ ಇಂಥ ಏಟಿಗೆ ಭಾಗಗಳು ಸುಟ್ಟುಹೋಗುವುದಕ್ಕಿಂತ ಜಾಗ ಬಿಟ್ಟು ಸಡಿಲವಾಗುವ ಸಂಭವವೇ ಹೆಚ್ಚೆಂದು ನನಗನಿಸಿತು. ಪೆಟ್ಟಿಗೆಯನ್ನು ಮೆಲ್ಲನೆ ವಾಲಿಸಿ ಕಿವಿಗೊಟ್ಟಾಗ ಒಂದು ಸ್ಕ್ರೂ ಉರುಳುವ ಸದ್ದು ಕೇಳಿಸಿತು. ಅದು ಬೋರ್ಡಿನ ಅಡಿಗೆ ಸೇರಿ ಶಾರ್ಟ್ ಆಗಿದ್ದರೆ ನಿಜಕ್ಕೂ ಬೋರ್ಡು ಹೋಗಬಹುದಿತ್ತು. ಅದನ್ನು ಹೊರತೆಗೆದು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ರ‍್ಯಾಮನ್ನು ನೋಡಿದೆ. ಒಂದು ತುದಿಯ ಕೊಂಡಿ ಬಿಚ್ಚಿಕೊಂಡು, ಆ ಕಡೆ ರ‍್ಯಾಮ್ ಕೂದಲೆಳೆಯಷ್ಟು ಮೇಲೆದ್ದಿತ್ತು. ನಮ್ಮೂರಿನ ಮಳೆಗಾಲದ ತೇವಕ್ಕೆ ಅದರ ಚಿನ್ನದ ಬಣ್ಣದ ಅಂಚು ಮಾಸುವುದುಂಟು. ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಒರಸಿ, ಪುಡಿ ಊದಿ, ಎರಡೂ ಕೊಂಡಿಗಳು ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆ. ಬೋರ್ಡಿಗೆ ಹೋಗುವ 24 ಪಿನ್ನಿನ ಕನೆಕ್ಟರನ್ನೂ ಒತ್ತಿ ನೋಡಿದೆ. ಎಸ್‌ಎಂಪಿಎಸ್ಸನ್ನು ಬಿಚ್ಚಲಿಲ್ಲ, ಯಾರೂ ಬಿಚ್ಚಬಾರದು. ಅದರ ಕೆಪಾಸಿಟರುಗಳಲ್ಲಿ ಪ್ಲಗ್ ತೆಗೆದ ಮೇಲೂ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು.

ಪರದೆ ಬೆಳಗಿತು. ಡಿಸ್ಕಿಲ್ಲದೆಯೂ ತೆರೆದುಕೊಳ್ಳುವ ಮೂಲ ವ್ಯವಸ್ಥೆಯಾದ ಬಯಾಸಿನಲ್ಲೇ ಬಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಯಂತ್ರ ತಾನಾಗಿ ಆರಿಹೋಗಿತ್ತು.

ಇಲ್ಲಿ ನಾನು ಒಂದು ದಿನ ಕಳೆದುಕೊಂಡೆ. ಒಂದೇ ಏಟಿಗೆ ಎರಡು ದೋಷಗಳು ಬಂದಿರಬಹುದೆಂದು ಹೊಳೆಯದೆ ರ‍್ಯಾಮನ್ನೇ ಮತ್ತೆ ಮತ್ತೆ ತೆಗೆದು ಹಾಕಿದೆ. ಕೊನೆಗೆ ಬಯಾಸಿನಲ್ಲಿ ಪ್ರೊಸೆಸರಿನ ಉಷ್ಣತೆಯನ್ನು ನೋಡುತ್ತಾ ಕುಳಿತಾಗ ಅದು 58, 70, 85 ಎಂದು ಏರುತ್ತಾ ಹೋಗಿ, 95 ಡಿಗ್ರಿ ದಾಟಿದೊಡನೆ ಎಲ್ಲವೂ ನಿಂತಿತು. ಫ್ಯಾನು ತಿರುಗುತ್ತಿದ್ದುದರಿಂದ ನನಗೆ ಸಂಶಯವೇ ಬಂದಿರಲಿಲ್ಲ. ಆದರೆ ಆ ಫ್ಯಾನನ್ನೂ ಅದರಡಿಯಲ್ಲಿ ಪ್ರೊಸೆಸರಿನ ಬಿಸಿ ಹೀರುವ ಅಲ್ಯುಮಿನಿಯಂ ಗಟ್ಟಿಯನ್ನೂ ಬೋರ್ಡಿಗೆ ಬಿಗಿಹಿಡಿಯುವ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ರಂಧ್ರದಿಂದ ಮೇಲೆದ್ದು, ಗಟ್ಟಿಯು ಪ್ರೊಸೆಸರಿಗೆ ಸಮನಾಗಿ ತಾಗದೆ ಓರೆಯಾಗಿತ್ತು. ಹಾಗೆಯೇ ಒತ್ತಿ ಬಿಡುವುದು ಸರಿಯಲ್ಲ, ಏಕೆಂದರೆ ಬಿಸಿಯನ್ನು ಗಟ್ಟಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಮ್ಮೆ ಬಿಟ್ಟುಕೊಂಡರೆ ಅದರ ನಡುವೆ ಗಾಳಿ ಸೇರಿಕೊಳ್ಳುತ್ತದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿ, ಕಡಲೆಕಾಳಿಗಿಂತ ಚಿಕ್ಕದಾಗಿ ಹೊಸ ಪೇಸ್ಟ್ ಇಟ್ಟು, ಗೂಟಗಳನ್ನು ಎದುರು ಬದುರಿನ ಮೂಲೆಗಳಲ್ಲಿ ಜೋಡಿಜೋಡಿಯಾಗಿ ಒತ್ತಿದೆ. ಉಷ್ಣತೆ 42ರಲ್ಲಿ ನಿಂತಿತು.

ಏಟು ತಿಂದ ಡಿಸ್ಕನ್ನು ಮತ್ತೆ ಹಾಕಲಿಲ್ಲ. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯೊಂದನ್ನು ತರಿಸಿ, ಕಡತಗಳ ಇನ್ನೊಂದು ಪ್ರತಿಯನ್ನು ಕಾಸರಗೋಡಿನಲ್ಲಿರುವ ತಂಗಿಯ ಮನೆಯಲ್ಲಿಟ್ಟೆ. ಪೆಟ್ಟಿಗೆ ಈಗ ಚಾವಡಿಯ ಮೂಲೆಯಲ್ಲಿ, ನೆಲದಿಂದ ಎರಡಡಿ ಎತ್ತರದ ಮರದ ಮಣೆಯ ಮೇಲಿದೆ.