ಇಷ್ಟೆಲ್ಲ ಕಾಡಿರುವಾಗ ಹಕ್ಕಿ ನೋಡಲು ಗದ್ದೆಗೇಕೆ ಹೋಗುತ್ತೀರಿ?

ಶಿವಮೊಗ್ಗದಲ್ಲಿ ಹಕ್ಕಿ ನೋಡುವ ಗುಂಪಿಗೆ ಹೊಸದಾಗಿ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಮಂಡಗದ್ದೆ, ಗುಡವಿಯಂಥ ಪಕ್ಷಿಧಾಮ ಬಿಟ್ಟು ಕೊಯ್ಲಾದ ಗದ್ದೆಯಲ್ಲಿ ಏನಿದೆ?

ಮಂಡಗದ್ದೆಯಲ್ಲೂ ಗುಡವಿಯಲ್ಲೂ ಗೂಡು ಕಟ್ಟುವ ಸಂಭ್ರಮ ಮಳೆಗಾಲದ್ದು. ಚಳಿಗಾಲದಲ್ಲಿ ದೂರದಿಂದ ಬರುವ ನೆಂಟರಲ್ಲಿ ಹಲವರು ಇಳಿಯುವುದು ಗದ್ದೆ, ಕೆರೆಯಂಚು, ನಾಲೆಬದಿಗೇ. ಭತ್ತ ಕೊಯ್ದ ಮೇಲೂ ಕೂಳೆಯ ನಡುವೆ ಅಲ್ಲಲ್ಲಿ ಕೆಸರು ಉಳಿದಿರುತ್ತದೆ, ಹುಳುಹುಪ್ಪಟೆ ಬಯಲಿಗೆ ಬಿದ್ದಿರುತ್ತವೆ. ಹಳದಿ ಸಿಪಿಲೆ, ಕಂದು ಕಳಿಂಗ, ರೆಕ್ಕೆ ಎತ್ತಿಹಿಡಿದು ತಗ್ಗಿನಲ್ಲಿ ತೇಲುವ ಸೆಳೆವ (ಹ್ಯಾರಿಯರ್ ಎಂಬ ಬೇಟೆಹಕ್ಕಿ) ಸಿಗುವುದು ಇಲ್ಲಿ. ಬೇಸಿಗೆ ಬೆಳೆಗೆ ಟ್ರ್ಯಾಕ್ಟರ್ ಇಳಿಯಿತೆಂದರೆ ಹಿಂದೆಯೇ ಬೆಳ್ಳಕ್ಕಿ ಸಾಲು.

ಹೊಸಬರು ಸೋಲುವುದು ಗದ್ದೆಗೊರವಗಳಲ್ಲಿ, ಅಂದರೆ ಸ್ಯಾಂಡ್‌ಪೈಪರ್‌ಗಳಲ್ಲಿ. ಕಾಮನ್, ವುಡ್, ಗ್ರೀನ್ ಎಂಬ ಮೂರು ಬಗೆಯ ಸ್ಯಾಂಡ್‌ಪೈಪರ್‌ಗಳು ಒಂದೇ ಕೆಸರಿನಲ್ಲಿ ಇರಬಹುದು. ಭುಜದ ಮುಂದೆ ಬಿಳಿ ಬೆಣೆಯಂಥ ಗುರುತಿದ್ದು, ಹಿಂಭಾಗ ಸದಾ ಕುಣಿಸುತ್ತಿದ್ದರೆ ಕಾಮನ್. ಬೆನ್ನ ಮೇಲೆ ಚುಕ್ಕಿ, ಕಣ್ಣಿನ ಹಿಂದಕ್ಕೂ ಚಾಚಿದ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು ಇದ್ದರೆ ವುಡ್. ಗ್ರೀನ್‌ನ ಬೆನ್ನು ಕಡುಗಪ್ಪಾಗಿ ಕಾಣುತ್ತದೆ, ಹುಬ್ಬು ಕಣ್ಣಿನ ಹತ್ತಿರವೇ ನಿಲ್ಲುತ್ತದೆ. ಹಾರಿದಾಗ ಗ್ರೀನ್, ವುಡ್ ಎರಡಕ್ಕೂ ಬಾಲದ ಬುಡ ಬಿಳಿ. ಅಲ್ಲಿ ರೆಕ್ಕೆಯ ಅಡಿ ನೋಡಬೇಕು, ಗ್ರೀನ್‌ಗೆ ಕಪ್ಪು, ವುಡ್‌ಗೆ ಮಾಸಲು. ಕಾಮನ್‌ಗೆ ಬಾಲದ ಬುಡದಲ್ಲಿ ಬಿಳಿಯಿಲ್ಲ, ರೆಕ್ಕೆಯಲ್ಲಿ ಬಿಳಿ ಪಟ್ಟಿ ಇದೆ. ಕಾಲಿನ ಬಣ್ಣವನ್ನೇ ನಂಬಬೇಡಿ, ಕೆಸರು ಮೆತ್ತಿದರೆ ಎಲ್ಲವೂ ಒಂದೇ.

ಸೂರ್ಯ ಬೆನ್ನಿಗಿರುವಂತೆ, ಅಂದರೆ ಬೆಳಿಗ್ಗೆ ಪೂರ್ವದಿಂದ ಪಶ್ಚಿಮಕ್ಕೆ ನಡೆಯಿರಿ. ಎದುರುಬಿಸಿಲಲ್ಲಿ ಎಲ್ಲ ಹಕ್ಕಿಯೂ ಕಪ್ಪೇ. ದುರ್ಬೀನು 8x42 (8 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. 10 ಪಟ್ಟಿನದು ಕೈನಡುಕವನ್ನೂ ದೊಡ್ಡದು ಮಾಡುತ್ತದೆ. ಮೊದಲು ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸರಿಮಾಡಿ, ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಿನ ಬಳಿಯ ಉಂಗುರ ತಿರುಗಿಸಿ. ದುರ್ಬೀನು ಮಸುಕು ಎನ್ನುವ ಎಷ್ಟೋ ದೂರುಗಳು ಇಷ್ಟಕ್ಕೇ ತೀರುತ್ತವೆ.

ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಎರಡು ತಂಡ ಮಾಡಿ. ಗದ್ದೆಯ ಯಜಮಾನರನ್ನು ಕೇಳಿಯೇ ಇಳಿಯಿರಿ, ಹೊಸದಾಗಿ ಕೆಸರು ಮೆತ್ತಿದ ಬದುವನ್ನಂತೂ ತುಳಿಯಲೇಬೇಡಿ. ಬದು ಕುಸಿದರೆ ಅವರು ಕಟ್ಟಿದ ನೀರು ಹೋಗುತ್ತದೆ. ಒಬ್ಬರು ಬರೆಯಲಿ, ಉಳಿದವರು ಎಣಿಸಿ ಹೇಳಲಿ. ಯಾವ ಸ್ಯಾಂಡ್‌ಪೈಪರ್ ಎಂದು ಗೊತ್ತಾಗದಿದ್ದರೆ ಬರೀ ಸ್ಯಾಂಡ್‌ಪೈಪರ್ ಎಂದೇ ಬರೆಯಿರಿ, ಹಕ್ಕಿ ದಾಖಲಿಸುವ ಜಾಲತಾಣವಾದ ಇಬರ್ಡ್‌ನ ಪಟ್ಟಿಯಲ್ಲಿ ಅದಕ್ಕೂ ಜಾಗವಿದೆ.