ಮೂರು ಕಾಲ, ಒಂದೇ ಚರ್ಮ

ತೀರ್ಥಹಳ್ಳಿಯ ಹತ್ತಿರದ ಹಳ್ಳಿಯೊಂದರಲ್ಲಿ ಬೆಳೆದು, ಮದುವೆಯಾದ ಮೇಲೆ ಕಲಬುರಗಿಯಲ್ಲಿ ನೆಲೆಸಿದ ನನಗೆ, ಚರ್ಮದ ಆರೈಕೆ ವರ್ಷವಿಡೀ ಒಂದೇ ಬಗೆಯದಾಗಿರಲು ಸಾಧ್ಯವಿಲ್ಲವೆಂದು ಈ ಎರಡು ಊರುಗಳ ಹವೆಯೇ ಕಲಿಸಿತು. ತವರಿನಲ್ಲಿ ಜೂನ್ ಬಂತೆಂದರೆ ತಿಂಗಳುಗಟ್ಟಲೆ ಬಟ್ಟೆ ಸರಿಯಾಗಿ ಒಣಗುವುದಿಲ್ಲ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ಮಳೆಗಾಲವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯನ್ನು ಹೆಚ್ಚು ಕಾಡಿದ್ದು ಅದು. ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ತೊಡೆಸಂದಿಯಲ್ಲಿ, ತೇವದಲ್ಲಿ ಬೆಳೆಯುವ ಶಿಲೀಂಧ್ರದಿಂದ ಬರುವ ಗಜಕರ್ಣ ಎದ್ದಿತು. ಸಂಕೋಚದಿಂದ ಯಾರಿಗೂ ಹೇಳದೆ, ಪೇಟೆಯ ಔಷಧದಂಗಡಿಯಲ್ಲಿ ಕೊಟ್ಟ ಟ್ಯೂಬೊಂದನ್ನು ತಂದು ಹಚ್ಚಿಕೊಂಡ. ಎರಡೇ ದಿನಕ್ಕೆ ತುರಿಕೆ ನಿಂತಿತು. ಹಚ್ಚುವುದನ್ನು ಬಿಟ್ಟ ವಾರದೊಳಗೆ ಮೊದಲಿಗಿಂತ ಅಗಲವಾಗಿ ಮರಳಿತು. ಹೀಗೆಯೇ ನಾಲ್ಕು ತಿಂಗಳು ಕಳೆದ ಮೇಲೆ ಚರ್ಮರೋಗ ತಜ್ಞರು ಆ ಟ್ಯೂಬಿನ ಮೇಲಿದ್ದ ಸಣ್ಣ ಅಕ್ಷರಗಳನ್ನು ಓದಿ ತೋರಿಸಿದರು: ಶಿಲೀಂಧ್ರನಾಶಕದ ಜೊತೆಗೆ ಕ್ಲೋಬೆಟಸಾಲ್ ಎಂಬ ಬಲವಾದ ಸ್ಟೀರಾಯ್ಡ್ ಅದರಲ್ಲಿತ್ತು. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುವುದರಿಂದ ಕೆಂಪು ಮತ್ತು ತುರಿಕೆ ಮಾಯವಾಗುತ್ತವೆ, ಆದರೆ ಚರ್ಮದ ಪ್ರತಿರೋಧವೂ ಕುಗ್ಗಿ ಶಿಲೀಂಧ್ರ ನಿರಾತಂಕವಾಗಿ ಹರಡುತ್ತದೆ. ಬಹುಕಾಲ ಹಚ್ಚಿದರೆ ಚರ್ಮವೇ ತೆಳುವಾಗಿ, ಮತ್ತೆ ಅಳಿಯದ ಗೀರುಗಳು ಉಳಿಯುತ್ತವೆ. ತಮ್ಮನ ತೊಡೆಯ ಮೇಲೆ ಆ ಗೀರುಗಳು ಇಂದಿಗೂ ಇವೆ. ವೈದ್ಯರ ಚೀಟಿಯಿಲ್ಲದೆ ಇಂಥ ಟ್ಯೂಬುಗಳು ಕೈಗೆ ಸಿಗುವುದು ನನಗೆ ನಿಜವಾಗಿಯೂ ಸಿಟ್ಟು ತರಿಸುವ ಸಂಗತಿ.

ಅವನಿಗೆ ಗುಣವಾದದ್ದು ಬರೀ ಔಷಧದಿಂದಲ್ಲ. ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಮುಲಾಮು ಹಚ್ಚಬೇಕು, ಕಲೆ ಮಾಸಿದ ಮೇಲೂ ವೈದ್ಯರು ಹೇಳಿದಷ್ಟು ದಿನ ಮುಂದುವರಿಸಬೇಕು, ಟವೆಲನ್ನು ಯಾರೊಂದಿಗೂ ಹಂಚಿಕೊಳ್ಳಬಾರದು, ಒಳ ಉಡುಪುಗಳನ್ನು ಬಿಸಿನೀರಿನಲ್ಲಿ ಒಗೆದು, ಬಿಸಿಲಿಲ್ಲದ ದಿನ ಇಸ್ತ್ರಿಯನ್ನಾದರೂ ಮಾಡಿ ತೊಡಬೇಕು ಎಂಬ ನಿಯಮಗಳನ್ನು ಅಮ್ಮ ಇಡೀ ಮನೆಯವರಿಂದ ಪಾಲನೆ ಮಾಡಿಸಿದಳು. ಗದ್ದೆಯಿಂದ ಬಂದ ಕೂಡಲೇ ಕಾಲ್ಬೆರಳ ಸಂದಿಗಳನ್ನು ಒರೆಸಿ ಒಣಗಿಸಿಕೊಳ್ಳುವ ರೂಢಿಯೂ ಆಗಲೇ ಬಂದದ್ದು.

ಚಳಿಗಾಲದ ತೊಂದರೆ ಇದಕ್ಕೆ ತದ್ವಿರುದ್ಧ. ಚರ್ಮದ ಹೊರಪದರದಲ್ಲಿ ಸತ್ತ ಕೋಶಗಳು ಇಟ್ಟಿಗೆಗಳಂತೆಯೂ ಅವುಗಳ ನಡುವಿನ ಕೊಬ್ಬಿನಂಶ ಗಾರೆಯಂತೆಯೂ ಇದ್ದು, ಒಳಗಿನ ನೀರು ಆರಿಹೋಗದಂತೆ ತಡೆಯುತ್ತವೆ. ಒಣಹವೆ ಆ ನೀರನ್ನು ಎಳೆಯುತ್ತದೆ. ಹಂಡೆಯ ಸುಡುನೀರು, ಕ್ಷಾರಗುಣದ ಸೋಪು ಸೇರಿ ಗಾರೆಯನ್ನೇ ತೊಳೆದುಹಾಕುತ್ತವೆ. ನರಕಚತುರ್ದಶಿಯ ಎಣ್ಣೆಸ್ನಾನ ಚಳಿಯ ಹೊಸ್ತಿಲಲ್ಲೇ ಬರುವುದು ನನಗೆ ಬಹಳ ಇಷ್ಟ. ಆದರೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ತೊಳೆಯುವುದಕ್ಕಿಂತ, ದಿನವೂ ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು, ಮೈಯಲ್ಲಿ ಇನ್ನೂ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ಮಾಯಿಶ್ಚರೈಸರನ್ನೋ ಹಚ್ಚಿಕೊಳ್ಳುವುದು ಹೆಚ್ಚು ಫಲಕಾರಿ, ಏಕೆಂದರೆ ಎಣ್ಣೆ ಹೊಸದಾಗಿ ನೀರು ಕೊಡುವುದಿಲ್ಲ, ಇರುವ ನೀರನ್ನು ಹಿಡಿದಿಡುತ್ತದೆ. ಒಡೆದ ಹಿಮ್ಮಡಿಗೆ ರಾತ್ರಿ ವ್ಯಾಸಲೀನ್ ಹಚ್ಚಿ ಕಾಲುಚೀಲ ಹಾಕಿಕೊಂಡರೆ ಸಾಕು.

ಇನ್ನು ಬೇಸಿಗೆ. ಮಾಳಿಗೆಯ ಮೇಲೆ ಸಂಡಿಗೆ, ಮೆಣಸಿನಕಾಯಿ ಒಣಹಾಕುವ ನನ್ನ ಅತ್ತೆಯವರ ಕೆನ್ನೆಗಳಲ್ಲಿ ಭಂಗು, ಅಂದರೆ ಕಂದು ಕಲೆಗಳು, ಇದೆ. ನಮ್ಮಂಥ ಕಂದು ಮೈಬಣ್ಣದವರಿಗೆ ಸನ್‌ಸ್ಕ್ರೀನ್ ಬೇಕಿಲ್ಲವೆಂದು ಅವರು ನಂಬಿದ್ದರು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನಮ್ಮನ್ನು ಬಿಸಿಲಿನಿಂದ ಒಂದಿಷ್ಟು ಕಾಯುವುದು ನಿಜವಾದರೂ, ಭಂಗು ಹೆಚ್ಚಾಗಿ ಕಾಣುವುದು ನಮ್ಮಂಥ ಮೈಬಣ್ಣದವರಲ್ಲೇ. ಅದನ್ನು ಕೆರಳಿಸುವ, ಬಿಸಿಲಿನಲ್ಲಿರುವ ಯುವಿಎ ಎಂಬ ಅತಿನೇರಳೆ ಕಿರಣಗಳು ಕಿಟಕಿಯ ಗಾಜನ್ನೂ ದಾಟುತ್ತವೆ, ಕಣ್ಣಿಗೆ ಕಾಣುವ ಬೆಳಕು ಕೂಡ ಅದನ್ನು ಹೆಚ್ಚಿಸುತ್ತದೆ. ಆದ್ದರಿಂದ ವೈದ್ಯರು ಅವರಿಗೆ ಬರೆದುಕೊಟ್ಟದ್ದು ಆ ಬೆಳಕನ್ನೂ ತಡೆಯುವ ಐರನ್ ಆಕ್ಸೈಡ್ ಬೆರೆತ, ಬಿಸಿಲಿನ ಸುಡುವಿಕೆಯಿಂದ ಕಾಯುವ ಶಕ್ತಿಯ ಅಳತೆಯಾದ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ, ಬಣ್ಣದ ಸನ್‌ಸ್ಕ್ರೀನ್. ಮೊದಲು ಅವರು ಕಡಲೆಕಾಳಿನಷ್ಟು ಹಚ್ಚಿಕೊಳ್ಳುತ್ತಿದ್ದರು. ಈಗ ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದು ಮುಖಕ್ಕೂ ಕುತ್ತಿಗೆಗೂ ಸವರಿಕೊಂಡು, ಹತ್ತು ಗಂಟೆಯೊಳಗೆ ಸಂಡಿಗೆ ಹರವಿ, ತಲೆಯ ಮೇಲೆ ಸೆರಗು ಹೊದ್ದುಕೊಂಡು ಕೆಳಗಿಳಿದು ಬರುತ್ತಾರೆ.